ಬೋರಮಾಳ

ಬಂಗಾರವು ಭೂಮಿಯ ಹೊಟ್ಟೆಯಲ್ಲಿ ಹುಟ್ಟುತ್ತದೆಂದು ನಂಬಿರುವವರೇ ಹೆಚ್ಚು. ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದ ಮಾಸ್ತರರೂ ಹಾಗೆಯೇ ನಂಬಿದ್ದರು. ಅವರ ಪೆಟ್ಟಿಗೆಯಲ್ಲಿ, ತೀರಿಕೊಂಡ ಹೆಂಡತಿಯ ಬೋರಮಾಳವೊಂದಿತ್ತು. ಮೊಮ್ಮಗಳ ಮದುವೆ ಗೊತ್ತಾದಾಗ, ಅದನ್ನು ಮುರಿಸಿ ಹೊಸ ಸರ ಮಾಡಿಸೋಣವೆಂದು ಮಗ ಸೂಚಿಸಿದನು. ಅಂದಿನಿಂದ ಮುದುಕರಿಗೆ ಅನ್ನ ರುಚಿಸದಾಯಿತು. ಪತ್ತಾರನ ಬೆಂಕಿಗೆ ಬಿದ್ದ ಮೇಲೆ ಅವಳದೆಂದು ಉಳಿಯುವುದಾದರೂ ಏನು?

ಮೊಮ್ಮಗಳು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಒಂದು ಸಂಜೆ ಕಟ್ಟೆಯ ಮೇಲೆ ಅಜ್ಜನ ಬಳಿ ಕುಳಿತು, “ಅಜ್ಜಾ, ಬಂಗಾರಕ್ಕ ಬೆಂಕಿ ಹೊಸದಲ್ಲ” ಎಂದಳು.

ಸೂರ್ಯನು ಒಂಟಿ, ಆದರೆ ಆಕಾಶದಲ್ಲಿ ಜೋಡಿಯಾಗಿ ಬಾಳುವ ನಕ್ಷತ್ರಗಳು ಅಸಂಖ್ಯ. ಒಂದನ್ನೊಂದು ಸುತ್ತುತ್ತ, ಕಾಲಕ್ರಮದಲ್ಲಿ ಹತ್ತಿರ ಸರಿಯುತ್ತ, ಕೆಲವು ಜೋಡಿಗಳು ಕಡೆಗೆ ಕೂಡಿಹೋಗುತ್ತವೆ. ಮುಪ್ಪಾದ ಎರಡು ಶ್ವೇತಕುಬ್ಜಗಳು ಕೂಡಿದರೆ ಸೂಪರ್‌ನೋವಾ ಎಂಬ ಮಹಾಸ್ಫೋಟವಾಗಬಹುದು. ನ್ಯೂಟ್ರಾನ್ ನಕ್ಷತ್ರಗಳ ಕೂಟವು ಇನ್ನೂ ಉಗ್ರ. ಅಂಥ ನಕ್ಷತ್ರದ ತೂಕ ಸೂರ್ಯನಿಗಿಂತ ಹೆಚ್ಚು. ಅಗಲವೋ ಸುಮಾರು 20 ಕಿಲೋಮೀಟರು, ಮುನವಳ್ಳಿಯಿಂದ ಸವದತ್ತಿಯನ್ನು ದಾಟಿ ತುಸು ಮುಂದೆ ಹೋದಷ್ಟು!

13 ಕೋಟಿ ಜ್ಯೋತಿರ್ವರ್ಷಗಳಾಚೆ ಅಂಥ ಎರಡು ನಕ್ಷತ್ರಗಳು ಕೂಡಿದ ಸುದ್ದಿ 2017ರ ಆಗಸ್ಟ್ 17ರಂದು, ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷಕ್ಕೆ ಭೂಮಿಯನ್ನು ಮುಟ್ಟಿತು. ಮೊದಲು ಗುರುತ್ವದ ಅಲೆಗಳು, 1.7 ಸೆಕೆಂಡಿನ ತರುವಾಯ ಗಾಮಾ ಕಿರಣಗಳ ಸಿಡಿತ. ಅನಂತರ ಕಂಡ ಬೆಳಕಿನಲ್ಲಿ, ಭಾರವಾದ ಧಾತುಗಳು ಹೊಸದಾಗಿ ಹುಟ್ಟಿದ ಗುರುತಿತ್ತು. ನಮ್ಮ ಬಂಗಾರದ ಬಹುಭಾಗವೂ ಭೂಮಿ ಹುಟ್ಟುವ ಮುನ್ನವೇ ನಡೆದ ಇಂಥ ಕೂಟಗಳಿಂದ ಬಂದಿರಬೇಕೆಂದು ಅನೇಕ ವಿಜ್ಞಾನಿಗಳ ಅಭಿಮತ.

“ಶ್ರಾವಣದ ಆ ಸಂಜಿಗೆ ಅಜ್ಜಿ ದೀಪ ಹಚ್ಚತಿದ್ದಳಲ್ಲ?” ಎಂದು ಮೊಮ್ಮಗಳು ಕೇಳಿದಳು. ಮಾಸ್ತರರು ತಲೆಯಾಡಿಸಿದರು.

ಅವಳು ಇನ್ನೊಂದು ಸಂಗತಿಯನ್ನೂ ಹೇಳಿದಳು. 2015ರಲ್ಲಿ ಭಾರತವು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹಕ್ಕೆ ಆ ಸಿಡಿತ ಕಾಣಲಿಲ್ಲ. ನಡುವೆ ಭೂಮಿಯೇ ಅಡ್ಡವಾಗಿತ್ತು. ಆದರೆ ಅದಕ್ಕೆ ಕಾಣಲಿಲ್ಲವೆಂಬುದರಿಂದಲೇ, ಸಿಡಿತವು ಭೂಮಿಯ ಮರೆಯಲ್ಲಿದ್ದ ಆಕಾಶಭಾಗದಲ್ಲಿರಬೇಕೆಂದು ತಿಳಿದು, ಹುಡುಕುವ ಎಡೆ ಕಿರಿದಾಯಿತು. ಕಾಣದಿರುವುದೂ ಒಂದು ಸಾಕ್ಷಿ ಎಂಬ ಈ ಮಾತು ಮುದುಕರ ಮನಸ್ಸಿನಲ್ಲಿ ಬಹಳ ಹೊತ್ತು ನಿಂತಿತು. ಆ ಮನೆಯಲ್ಲಿ ಕಾಣದವಳೊಬ್ಬಳ ಸಾಕ್ಷಿಯು ದಿನವೂ ದೀಪದ ಹೊತ್ತಿಗೆ ಅವರಿಗೆ ಸಿಗುತ್ತಿತ್ತು.

ಮರುದಿನ ಅವರೇ ಪತ್ತಾರನ ಅಂಗಡಿಗೆ ಹೋದರು. ಗುಂಡುಗಳೊಳಗಿನ ಅರಗು ಉರಿದು ಹೊಗೆಯಾಯಿತು. ಬಂಗಾರ ಕರಗಿ ಕೆಂಪಗೆ ಹೊಳೆಯಿತು. ಮಾಸ್ತರರು ಕಣ್ಣು ತಿರುಗಿಸದೆ ನೋಡಿದರು. ಹೊರಡುವಾಗ, ಬೋರಮಾಳವನ್ನು ಪೋಣಿಸಿದ್ದ ಹಳೆಯ ರೇಷ್ಮೆ ದಾರವನ್ನು ಮಾತ್ರ ಕೇಳಿ ಪಡೆದರು. ಬೆವರಿಗೆ ಕಪ್ಪಾಗಿದ್ದ ಆ ದಾರವು ನಕ್ಷತ್ರಗಳಿಂದ ಬಂದುದಲ್ಲ. ಅವಳ ಕೊರಳಿನಿಂದ ಬಂದುದು.