ಮಾರಿ ನೋಡದ ಮನಿಮಂದಿ

ಅಕ್ಕಾರ, ನಮ್ಮ ಧಾರವಾಡ ಆಕಾಶವಾಣಿ 1950ರಾಗ ಶುರುವಾತು. ಬೇಂದ್ರೆ ಅಜ್ಜಾರೂ ಅಲ್ಲಿ ಸಲಹೆಗಾರರಾಗಿದ್ರು. ಮೀಡಿಯಂ ವೇವ್ 765ರ ಮ್ಯಾಲೆ ಮುಳ್ಳು ನಿಂತ್ರ ಅಡಗಿಮನ್ಯಾಗ ಗಡಿಯಾರ ಬೇಕಾಗ್ತಿರಲಿಲ್ಲ. ಸಂಸ್ಕೃತ ವಾರ್ತೆ ಬಂತಂದ್ರ ಏಳಕ್ಕ ಐದು ಕಡಿಮಿ, ಹುಡುಗರನ್ನ ಎಬ್ಬಸೋದು. ದಿಲ್ಲಿಯಿಂದ ಉಪೇಂದ್ರ ರಾಯರ ಕನ್ನಡ ವಾರ್ತೆ ಬಂದ್ರ ಡಬ್ಬಿ ಕಟ್ಟೋದು.

ನಮ್ಮ ಅತ್ತಿಯವರಿಗೆ ಕಣ್ಣು ಮಂಜಾದ ಮ್ಯಾಲೆ ರೇಡಿಯೋನ ಜೊತಿ. ಉದ್ಘೋಷಕಿ ದನಿ ಕೇಳಿ "ಈಕಿಗೆ ಇವತ್ತ ನೆಗಡಿ ಆಗೇತಿ" ಅಂತಿದ್ರು. ಒಮ್ಮೆ ಆ ದನಿ ಬರೋದ ನಿಂತು. "ಆರಾಮಿಲ್ಲೇನ ಆಕಿಗೆ?" ಅಂತ ತಿಂಗಳಗಟ್ಟಲೆ ಕೇಳಿದ್ರು. ನಿವೃತ್ತಿ ಆಗ್ಯಾರಂತ ಆಮ್ಯಾಲೆ ತಿಳೀತು.

ಈಗ ಮೊಬೈಲಿನ್ಯಾಗೂ ಧಾರವಾಡ ಕೇಳಬಹುದು, ಖರೆ. ಆದ್ರ ದಿನಾ ಮನಿಗೆ ಬಂದವರನ್ನ ಅರಿಷಿಣ-ಕುಂಕುಮ ಕೊಡದ ಕಳಿಸಿದಂಗಾತು ನೋಡ್ರಿ. ನಿಮಗ ಯಾರ ದನಿ ನೆನಪೈತಿ? ಹೆಸರು ಮರಿಯೋದ್ರಾಗ ಹೇಳ್ರಿ.