ಬೋರು

"ಬೋರ್ ಹೊಡೆಸಬೇಕು" ಎಂದು ಜಗಲಿಯ ಮೇಲೆ ಕುಳಿತು ನಾನು ಆಡಿದ್ದು ಒಂದೇ ಮಾತು. ಸಂಜೆಯ ಹೊತ್ತಿಗೆ ನೀರು ನೋಡುವವನೊಬ್ಬ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಾಗಿಲಿಗೆ ಬಂದು ನಿಂತಿದ್ದ. ಕೊರೆಸಬೇಕಾದದ್ದು ಭೂಮಿಯನ್ನಲ್ಲ, ನಮ್ಮ ಟ್ರ್ಯಾಕ್ಟರಿನ ಎಂಜಿನ್ನನ್ನು ಎಂದು ತಿಳಿಸಿ, ಕಾಫಿ ಕೊಟ್ಟು ಅವನನ್ನು ಕಳಿಸುವ ಹೊತ್ತಿಗೆ ಸಾಕಾಯಿತು. "ನೀರಾದರೂ ಬರೋ ಹಾಗಿದ್ದರೆ ಖರ್ಚಿಗೊಂದು ಅರ್ಥವಿತ್ತು" ಎಂದಳು ನನ್ನಾಕೆ.

ಟ್ರ್ಯಾಕ್ಟರು ಅಪ್ಪ ೧೯೭೪ರಲ್ಲಿ ಕೊಂಡದ್ದು. ಮ್ಯಾಸಿ ಫರ್ಗ್ಯುಸನ್, ಪರ್ಕಿನ್ಸ್ ಮಾದರಿಯ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನು, ಮದರಾಸಿನ ಸಿಂಪ್ಸನ್ ಕಂಪನಿಯಲ್ಲಿ ತಯಾರಾದದ್ದು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಅದು ಎಳೆದ ಕಬ್ಬಿಗೆ ಲೆಕ್ಕವಿಲ್ಲ. ಈಚೆಗೆ ಬೆಳಗ್ಗೆ ಹೊರಡಲು ಮೊಂಡು ಹಿಡಿಯುತ್ತಿತ್ತು; ಹೊರಟರೆ ನೀಲಿ ಹೊಗೆ. ಡೀಸೆಲಿನಷ್ಟೇ ಆಯಿಲನ್ನೂ ಕುಡಿಯುತ್ತಿತ್ತು ಎಂದರೆ ಉತ್ಪ್ರೇಕ್ಷೆ. ಆದರೆ ಪೂರಾ ಉತ್ಪ್ರೇಕ್ಷೆಯಲ್ಲ. "ಅಪ್ಪಾ, ಗುಜರಿಗೆ ಹಾಕಿ ಕಂತಿನ ಮೇಲೆ ಹೊಸದು ತರೋಣ" ಎಂದ ಮಗ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆಯನ್ನೂ ಹೇಳಿದ. ಅಪ್ಪ ಕೂರುತ್ತಿದ್ದ ಸೀಟಿಗೆ ಕಿಲೋಗಿಷ್ಟು ಎಂದು ಬೆಲೆ ಕಟ್ಟಿದ್ದು ನನಗೆ ಸರಿಬೀಳಲಿಲ್ಲ. ಒಂದು ಸಲ ಮೇಸ್ತ್ರಿಗೆ ತೋರಿಸೋಣ ಎಂದೆ.

ಮೇಸ್ತ್ರಿ ಹೆಡ್ಡು ಬಿಚ್ಚಿ, ನನ್ನ ಬೆರಳು ಹಿಡಿದು ಮೊದಲನೆಯ ಸಿಲಿಂಡರಿನ ಬಾಯೊಳಗೆ ಇಳಿಸಿದ. ಉಗುರು ಒಂದು ಅಂಚಿಗೆ ತಡೆಯಿತು. "ಈ ಅಂಚಿನ ಮೇಲಿರೋದು ರಿಂಗು ಮುಟ್ಟದ ಜಾಗ, ಮೇಷ್ಟ್ರೇ. ಸ್ಲೀವ್ ಹಾಕಿದ ದಿನ ಹೇಗಿತ್ತೋ ಹಾಗೇ ಇದೆ. ಅದರ ಕೆಳಗಿನದು ಸವೆದದ್ದು." ಡಯಲ್ ಗೇಜು ಇಳಿಸಿ ಲೆಕ್ಕವನ್ನೂ ಹೇಳಿದ: ೯೧.೪ ಮಿಲಿಮೀಟರು ಇರಬೇಕಾದ ಬೋರು ಅಂಚಿನ ಕೆಳಗೆ ೧೪ ಥೌ ಅಗಲವಾಗಿದೆ. ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು. ತಲೆಯ ಕೂದಲು ಸುಮಾರು ಮೂರು ಥೌ ದಪ್ಪವಿದ್ದೀತು. ನಾಲ್ಕೈದು ಕೂದಲೆಳೆಯಷ್ಟು ಸಂದಿನಲ್ಲಿ ನಮ್ಮ ಟ್ರ್ಯಾಕ್ಟರಿನ ಶಕ್ತಿಯೆಲ್ಲ ಸೋರಿಹೋಗುತ್ತಿತ್ತು. ಕೆಳಗಿಳಿದಂತೆ ಸವೆತ ಕಡಮೆ. ಬೆಂಕಿ, ಒತ್ತಡ ಎಲ್ಲ ಮೇಲುಗಡೆಯೇ. ಎಣ್ಣೆಯ ಪೊರೆ ತೆಳುವಾಗಿರುವುದೂ ಅಲ್ಲೇ. ಗಾಳಿಯ ಜೊತೆ ಬಂದ ಧೂಳು ಹೆಚ್ಚಾಗಿ ಉಜ್ಜುವುದೂ ಅಲ್ಲೇ.

"ಏರ್ ಕ್ಲೀನರಿಗೆ ಎಣ್ಣೆ ಹಾಕ್ತಿದ್ರಾ?" ಎಂದ.

"ಹಾಕುತ್ತಿದ್ದೆ" ಎಂದೆ.

ಮೂವತ್ತಮೂರು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಪಾಠ ಹೇಳಿದ ಬಾಯಿ ಇದು! ನಮ್ಮ ಟ್ರ್ಯಾಕ್ಟರಿನ ಏರ್ ಕ್ಲೀನರಿನ ತಳದಲ್ಲಿ ಒಂದು ಬಟ್ಟಲು, ಅದರಲ್ಲಿ ಎಣ್ಣೆ. ಎಂಜಿನ್ನಿಗೆ ಹೋಗುವ ಗಾಳಿ ಆ ಎಣ್ಣೆಯನ್ನು ಸೋಕಿ, ಧೂಳನ್ನು ಅಲ್ಲಿಯೇ ಬಿಟ್ಟು ಒಳಹೋಗಬೇಕು. ಉಳುವ ದಿನಗಳಲ್ಲಿ ಅಪ್ಪ ಪ್ರತಿ ಸಂಜೆ ಆ ಬಟ್ಟಲು ಬಿಚ್ಚಿ, ತಳದ ಕೆಸರು ಬಳಿದು, ಗೀಟಿನವರೆಗೆ ಹೊಸ ಎಣ್ಣೆ ತುಂಬಿದ ಮೇಲೆಯೇ ಕೈಕಾಲು ತೊಳೆಯುತ್ತಿದ್ದ. ೧೯೯೬ರಲ್ಲಿ ಈ ಸ್ಲೀವುಗಳನ್ನು ಹಾಕಿಸಿದ್ದೂ ಅವನೇ. ೨೦೧೧ರಲ್ಲಿ ಅವನು ತೀರಿಕೊಂಡ ಮೇಲೆ ನಾನು ಆ ಬಟ್ಟಲನ್ನು ಎಷ್ಟು ಸಲ ಬಿಚ್ಚಿದೆ ಎಂದು ಎಣಿಸಲು ಒಂದು ಕೈಯ ಬೆರಳೇ ಹೆಚ್ಚು.

ಬ್ಲಾಕನ್ನು ಪ್ರೆಸ್ಸಿನ ಕೆಳಗಿಟ್ಟು ಹಳೆಯ ಸ್ಲೀವುಗಳನ್ನು ಹೊರಕ್ಕೆ ತಳ್ಳಿದರು. ಮೂರು ತೆಳ್ಳನೆಯ ಬೀಡುಕಬ್ಬಿಣದ ಕೊಳವೆಗಳು, ಅಷ್ಟೇ. ಬ್ಲಾಕಿನ ಗೋಡೆಯಲ್ಲಿ ಬಿರುಕಿದೆಯೇ ಎಂದು ಮೇಸ್ತ್ರಿ ದೀಪ ಹಿಡಿದು ನೋಡುತ್ತಿದ್ದಾಗ ನನ್ನ ಎದೆ ಡವಗುಟ್ಟುತ್ತಿತ್ತು. ಇದ್ದಿದ್ದರೆ ಗುಜರಿಯವನೇ ಗೆದ್ದಂತೆ. ಇರಲಿಲ್ಲ. ಹೊಸ ಸ್ಲೀವು ತಾನು ಕೂರುವ ಜಾಗಕ್ಕಿಂತ ಒಂದೆರಡು ಥೌ ದಪ್ಪ. ಪ್ರೆಸ್ಸಿನ ಒತ್ತಡಕ್ಕೆ ಮಣಿದು ಬಿಗಿಯಾಗಿ ಕೂರುತ್ತದೆ. ಆಮೇಲೆ ಬೋರಿಂಗ್ ಯಂತ್ರದ ಉಳಿ ಸುತ್ತುತ್ತ ಇಳಿದು ಒಳಗನ್ನು ಅಳತೆಗೆ ತರುತ್ತದೆ. ಕೊನೆಯ ಕೂದಲೆಳೆಯಷ್ಟನ್ನು ಹೋನಿಂಗಿಗೆ ಬಿಡುತ್ತಾರೆ.

ನಾನು ಬೆರಗಾದದ್ದು ಈ ಹೋನಿಂಗನ್ನು ಕಂಡು. ಕನ್ನಡಿಯ ಹಾಗೆ ನುಣುಪು ಮಾಡುತ್ತಾರೆ ಎಂದುಕೊಂಡಿದ್ದೆ. ಮೇಸ್ತ್ರಿಯ ಹುಡುಗ ಸಾಣೆಕಲ್ಲು ಕಟ್ಟಿದ ದಂಡವನ್ನು ಒಳಗಿಳಿಸಿ, ಎಣ್ಣೆ ಹನಿಸುತ್ತ, ತಿರುಗುವ ದಂಡವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಗೋಡೆಯ ತುಂಬ ಓರೆಗೀರು ಎಳೆದ. ಇಳಿಯುವಾಗ ಒಂದು ಓರೆ, ಏರುವಾಗ ಇನ್ನೊಂದು, ಚಾಪೆಯ ಹೆಣಿಗೆಯ ಹಾಗೆ. "ಚೆನ್ನಾಗಿದ್ದದ್ದನ್ನು ಗೀಚಿಬಿಟ್ಟೆಯಲ್ಲೋ!" ಎಂದೆ. ಹುಡುಗ ನಕ್ಕ. ಆ ಗೀರುಗಳಲ್ಲಿಯೇ ಎಣ್ಣೆ ನಿಲ್ಲಬೇಕಂತೆ. ತೀರ ನುಣುಪಾದರೆ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವುದೇ ಇಲ್ಲವಂತೆ. ಆಮೇಲೆ ಸಾಬೂನಿನ ಬಿಸಿನೀರಿನಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿದ. ಬಟ್ಟೆ ಬೂದುಬಣ್ಣಕ್ಕೆ ತಿರುಗಿತು. ಮತ್ತೆ ತೊಳೆದ. ಬಟ್ಟೆ ಬೆಳ್ಳಗೆ ಉಳಿಯುವವರೆಗೆ ನಾಲ್ಕು ಸಲ ತೊಳೆದ. ಸಾಣೆಯ ಪುಡಿ ಉಳಿದರೆ ಹೊಸ ಸ್ಲೀವಿಗೂ ಹಳೆಯದರ ಗತಿಯೇ.

ಜೋಡಿಸಿದ ದಿನ ಎಂಜಿನ್ನು ಮುಟ್ಟಿದೊಡನೆ ಹಿಡಿಯಿತು. ನೀಲಿ ಹೊಗೆ ಇರಲಿಲ್ಲ. ಮಗ ಸೀಟೇರಿ ಕುಳಿತಿದ್ದ, ಕಂತಿನ ಮಾತೆತ್ತಲಿಲ್ಲ. ಸ್ವಲ್ಪ ದಿನ ಭಾರ ಎಳೆಸಬೇಡಿ ಎಂದು ಮೇಸ್ತ್ರಿ ಅವನಿಗೆ ಹೇಳಿದ. ನಾನು ಹಣ ಕೊಟ್ಟು, ಮುಖ ನೋಡದೆ, "ಮೇಸ್ತ್ರಿ, ಏರ್ ಕ್ಲೀನರಿಗೆ ನಾನು ಎಣ್ಣೆ ಹಾಕಿರಲಿಲ್ಲ" ಎಂದೆ.

"ಗೊತ್ತು ಮೇಷ್ಟ್ರೇ" ಎಂದ ಅವನು, ನೋಟು ಎಣಿಸುವುದನ್ನು ನಿಲ್ಲಿಸದೆ. "ಬಟ್ಟಲು ಬಿಚ್ಚಿದೋನು ನಾನೇ ಅಲ್ವಾ? ಅದರಲ್ಲಿ ನಿಮ್ಮ ಅರ್ಧ ಗದ್ದೆ ಇತ್ತು."