ಐದರ ಮಗ್ಗಿಗೆ ಸಿಗುವ ಕಡಲೂರು

ಅಮೆರಿಕಕ್ಕೆ ಬರುವ ನಮ್ಮೂರ ಅಪ್ಪ-ಅಮ್ಮಂದಿರಿಗೆಲ್ಲ ಇಲ್ಲಿ ಇಳಿದ ಮರುದಿನವೇ ಒಂದು ಮಗ್ಗಿ ಬಾಯಿಪಾಠ ಆಗಿಬಿಡುತ್ತೆ. ತೊಂಬತ್ತರ ಮಗ್ಗಿ. ಕಾಫಿ ಐದು ಡಾಲರ್ ಅಂದ್ರೆ ನಾನೂರ ಐವತ್ತು ರೂಪಾಯಿ. ಕಟಿಂಗ್ ಇಪ್ಪತ್ತೈದು ಡಾಲರ್ ಅಂದ್ರೆ ಎರಡು ಸಾವಿರದ ಇನ್ನೂರ ಐವತ್ತು. ನನ್ನ ಅಪ್ಪ ಕುಮಟಾ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು, ಅವರಿಗೆ ಕ್ಯಾಲ್ಕುಲೇಟರೂ ಬೇಡ. ಸೆಪ್ಟೆಂಬರಿನಲ್ಲಿ ಡಲ್ಲಾಸಿಗೆ ಬಂದವರು ಇವತ್ತಿನವರೆಗೂ ಕಟಿಂಗ್ ಶಾಪಿಗೆ ಕಾಲಿಟ್ಟಿಲ್ಲ. ಅಮ್ಮನೇ ಬಾಲ್ಕನಿಯಲ್ಲಿ ಕೂರಿಸಿ ಕತ್ತರಿ ಆಡಿಸ್ತಾಳೆ.

ತಮಾಷೆ ಅಂತ ನಗಬಹುದು. ಆದರೆ ಅದರ ಹಿಂದೆ ಒಂದು ಸಂಕಟ ಇದೆ. ಅಪ್ಪ ಇರೋದು ಮಗಳ ಮನೆಯಲ್ಲಿ. ಹೋಟೆಲ್ ಬಿಲ್ಲು ಬಂದ ತಕ್ಷಣ ಅವರ ಕೈ ಶರ್ಟಿನ ಜೇಬಿಗೆ ಹೋಗುತ್ತೆ, ಅಷ್ಟರಲ್ಲಿ ಅಳಿಯ ಕಾರ್ಡ್ ಕೊಟ್ಟಿರ್ತಾನೆ. ಊರಲ್ಲಿ ಮನೆಗೆ ಬಂದ ನೆಂಟರಿಗೆ ಬಸ್ ಚಾರ್ಜನ್ನೂ ತಾವೇ ಕೊಟ್ಟು ಕಳಿಸಿದ ಮನುಷ್ಯ. ಇಲ್ಲಿ ಎರಡು ತಿಂಗಳಿಂದ ಯಾವುದಕ್ಕೂ ದುಡ್ಡು ಕೊಟ್ಟಿಲ್ಲ. ಹಾಗಾಗಿ ಯಾವುದನ್ನೂ ಬೇಕು ಅಂತಲೂ ಕೇಳಲ್ಲ.

ಅಮ್ಮ ಮಾತ್ರ ಒಂದು ಕೇಳಿದಳು, ಇಲ್ಲಿಂದ ಸಮುದ್ರ ಎಷ್ಟು ದೂರ ಅಂತ. ಹೆಚ್ಚುಕಮ್ಮಿ ದಿನವೂ ಸಮುದ್ರ ನೋಡುತ್ತಾ ಬೆಳೆದವಳು. ಕಾರಿಲ್ಲದೆ ಹಾಲು ತರಕ್ಕೂ ಆಗದ ಈ ಬಡಾವಣೆಯಲ್ಲಿ ಅವಳಿಗೆ ಉಸಿರು ಕಟ್ಟಿತ್ತು ಅಂತ ಕಾಣುತ್ತೆ. ಅವತ್ತು ರಾತ್ರಿ ನಾನೂ ನನ್ನ ಗಂಡನೂ ಒಂದು ಎಕ್ಸೆಲ್ ಶೀಟ್ ಓಪನ್ ಮಾಡಿದೆವು.

ಮೊದಲು ನಮ್ಮ ಮಿತಿ ಹೇಳ್ತೀನಿ. ಇಬ್ಬರದ್ದೂ ಐಟಿ ಕೆಲಸ, ಇಬ್ಬರದ್ದೂ ಎಚ್-1ಬಿ ವೀಸಾ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳೋಕೆ ಸಿಗೋದು ಹೆಚ್ಚೆಂದರೆ 60 ದಿನ. ಸುತ್ತಮುತ್ತ ಲೇಆಫ್ ಸುದ್ದಿ ನಿಂತಿಲ್ಲ. ಹಾಗಾಗಿ ಆರು ತಿಂಗಳ ಖರ್ಚಿನ ದುಡ್ಡನ್ನು ಮುಟ್ಟೋ ಹಾಗಿಲ್ಲ ಅಂತ ಮೊದಲೇ ಮಾತಾಗಿದೆ. ಪ್ರವಾಸಕ್ಕೆ ಅಂತ ಬೇರೆ ತೆಗೆದಿಟ್ಟಿದ್ದು 2,700 ಡಾಲರ್. ನಾಲ್ಕು ಜನ, ಒಂದು ವಾರ, ಸಮುದ್ರ.

ಎಲ್ಲರೂ ಹೇಳೋ ಹೆಸರು ಕ್ಯಾನ್‌ಕೂನ್. ಅಲ್ಲಿನ ಆಲ್-ಇನ್‌ಕ್ಲೂಸಿವ್ ರೆಸಾರ್ಟುಗಳನ್ನು ನೋಡಿದೆವು. ವಿಮಾನ ಸೇರಿ ನಾಲ್ಕು ರಾತ್ರಿಗೆ 3,600 ಡಾಲರ್ ಬಂತು. ಆ ರೇಟಿನಲ್ಲಿ ಎಷ್ಟು ಬೇಕಾದರೂ ಕುಡಿಯಬಹುದು. ನಮ್ಮನೆಯಲ್ಲಿ ಕುಡಿಯೋದು ಕಷಾಯ. ನಾಲ್ಕು ಜನ ಕುಡಿಯದೇ ಇರೋ ಮದ್ಯಕ್ಕೆ, ತಿನ್ನದೇ ಇರೋ ಮಾಂಸಕ್ಕೆ ದುಡ್ಡು ಯಾಕೆ ಕಟ್ಟಬೇಕು? ಜೊತೆಗೆ ಅಲ್ಲಿ ಬೆಲೆಯೆಲ್ಲ ಡಾಲರಿನಲ್ಲೇ. ಅಂದ್ರೆ ಅಪ್ಪನ ತೊಂಬತ್ತರ ಮಗ್ಗಿ ಸಮುದ್ರದವರೆಗೂ ಬೆನ್ನು ಹತ್ತಿ ಬರುತ್ತೆ.

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆವು. ಅಮೆರಿಕದವರು ಎಲ್ಲಿಗೆ ಹೋಗ್ತಾರೆ ಅನ್ನೋದನ್ನು ಬಿಟ್ಟು, ಮೆಕ್ಸಿಕೋದ ಊರಿನವರೇ ಮಕ್ಕಳುಮರಿ ಕಟ್ಟಿಕೊಂಡು ಎಲ್ಲಿಗೆ ಹೋಗ್ತಾರೆ ಅಂತ ಹುಡುಕಿದೆವು. ಬೆಂಗಳೂರಿನವರು ವೀಕೆಂಡಿಗೆ ಗೋಕರ್ಣ, ಮುರುಡೇಶ್ವರ ಅಂತ ಬರಲ್ವಾ, ಹಾಗೆ. ಮೆಕ್ಸಿಕೋದ ದೊಡ್ಡ ನಗರ ಗ್ವಾದಲಹಾರಾದವರು ಹೋಗೋ ಕಡಲೂರುಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಸಿಕ್ಕಿತು: ಬಾರ್ರಾ ದೆ ನವಿದಾದ್.

ಹಲಿಸ್ಕೊ ರಾಜ್ಯದ ದಕ್ಷಿಣ ತುದಿಯ ಚಿಕ್ಕ ಊರು. ಬಾರ್ರಾ ಅಂದ್ರೆ ಮರಳಿನ ದಿಬ್ಬ, ನವಿದಾದ್ ಅಂದ್ರೆ ಕ್ರಿಸ್ಮಸ್. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಹಿನ್ನೀರಿನ ಲಗೂನ್, ಮಧ್ಯದ ಮರಳ ಪಟ್ಟಿಯ ಮೇಲೆ ಊರು. ಲಗೂನ್ ದಾಟಿಸೋಕೆ ಸಣ್ಣ ದೋಣಿಗಳಿವೆ. ಮ್ಯಾಪ್ ತೋರಿಸಿದಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು, "ಇದು ನಮ್ಮ ಅಳಿವೆ ಕಣೇ" ಅಂದ್ರು.

ಅಪ್ಪನಿಗೆ ಪಾಠ ಮಾಡೋ ಸರದಿ ನನ್ನದಾಯ್ತು. 1564ರ ನವೆಂಬರಿನಲ್ಲಿ ಲೆಗಾಸ್ಪಿ ಅನ್ನುವವನ ಹಡಗುಗಳು ಫಿಲಿಪೀನ್ಸಿಗೆ ಹೊರಟಿದ್ದು ಇದೇ ಜಾಗದಿಂದ. ವಾಪಸ್ ಬರೋ ಸಮುದ್ರಮಾರ್ಗ ಮರುವರ್ಷ ಗೊತ್ತಾಯ್ತು. ಆಮೇಲೆ ಇನ್ನೂರೈವತ್ತು ವರ್ಷ ಮನಿಲಾ ಮತ್ತು ಮೆಕ್ಸಿಕೋ ಮಧ್ಯೆ ವ್ಯಾಪಾರದ ಹಡಗುಗಳು ಓಡಾಡಿದವು. ಆ ಹಡಗುಗಳಲ್ಲೇ ತೆಂಗು ಏಷ್ಯಾದಿಂದ ಈ ತೀರಕ್ಕೆ ಬಂತು. ಜೊತೆಗೆ ತೆಂಗಿನ ಮರದಿಂದ ನೀರಾ ಇಳಿಸೋ ವಿದ್ಯೆಯೂ ಬಂತು. ಈಗಲೂ ಅಲ್ಲಿ ಅದನ್ನು 'ತೂಬಾ' ಅಂತ ಕರೆದು, ಸೋರೆ ಬುರುಡೆಯಲ್ಲಿ ತಂದು, ಶೇಂಗಾ ಹಾಕಿ ಮಾರ್ತಾರೆ. ಅಲ್ಲಿಂದ ನಮ್ಮ ಕಡೆಗೆ ಬಂದಿದ್ದೇನು ಕಡಿಮೆಯೇ? ಬ್ಯಾಡಗಿ ಮೆಣಸಿನಕಾಯಿಯ ಮೂಲಪುರುಷರು ಮೆಕ್ಸಿಕೋದವರು. ನಮ್ಮ ತೋಟದ ಸಪೋಟಾಕ್ಕೆ ಆ ಹೆಸರು ಬಂದಿದ್ದು ಅಲ್ಲಿನ ಮೂಲನಿವಾಸಿಗಳ ನಹುಆತಲ್ ಭಾಷೆಯಿಂದ. ಟೊಮೇಟೊ ಅನ್ನೋ ಪದವೂ ಅಷ್ಟೇ.

ಇನ್ನು ಕೆಲಸಕ್ಕೆ ಬರೋ ಮಾತು. ಭಾರತದ ಪಾಸ್‌ಪೋರ್ಟ್ ಇದ್ದರೂ, ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಅಪ್ಪ-ಅಮ್ಮನ ಟೂರಿಸ್ಟ್ ವೀಸಾ ಮಲ್ಟಿಪಲ್ ಎಂಟ್ರಿ, ಹಾಗಾಗಿ ಅವರೂ ಬರಬಹುದು. ವಾಪಸ್ ಬರುವಾಗ ಅಧಿಕಾರಿಗೆ ತೋರಿಸೋಕೆ ಅವರ ಭಾರತದ ರಿಟರ್ನ್ ಟಿಕೆಟ್, ನಮ್ಮ ಎಚ್-1ಬಿ ಅನುಮೋದನೆಯ ಮೂಲಪ್ರತಿ, ಇತ್ತೀಚಿನ ಸಂಬಳದ ಚೀಟಿಗಳನ್ನು ಒಂದು ಫೈಲಿಗೆ ಹಾಕಿಟ್ಟಿದ್ದೀವಿ. ಅಪ್ಪ-ಅಮ್ಮನ ಇನ್ಶೂರೆನ್ಸ್ ಅಮೆರಿಕದ ಹೊರಗೆ ನಡೆಯಲ್ಲ ಅಂತ ಓದಿ ನೋಡಿದಾಗ ಗೊತ್ತಾಯ್ತು. ಆ ಒಂದು ವಾರಕ್ಕೆ ಬೇರೆ ಪಾಲಿಸಿ ತಗೊಂಡೆವು.

ಹವಾಮಾನ ನಮ್ಮ ಕರಾವಳಿಯ ಹಾಗೇ. ಜೂನಿನಿಂದ ಅಕ್ಟೋಬರ್‌ವರೆಗೆ ಮಳೆ, ಜೊತೆಗೆ ಚಂಡಮಾರುತದ ಭಯ. 2015ರ ಅಕ್ಟೋಬರಿನಲ್ಲಿ ಪೆಟ್ರಿಸಿಯಾ ಅನ್ನೋ ಭಾರೀ ಚಂಡಮಾರುತ ಬಂದು ಬಡಿದಿದ್ದು ಇದೇ ಹಲಿಸ್ಕೊ ತೀರಕ್ಕೆ. ಬಾರ್ರಾದ ಚರ್ಚಿನಲ್ಲಿರೋ ಕ್ರಿಸ್ತನ ಮೂರ್ತಿಯ ಎರಡೂ ಕೈ ಕೆಳಗೆ ಬಿದ್ದಿವೆ. 1971ರ ಚಂಡಮಾರುತದಲ್ಲಿ ಆ ಕೈಗಳು ಬಿದ್ದ ಮೇಲೆ ಗಾಳಿ ನಿಂತಿತು, ಊರು ಉಳಿಯಿತು ಅಂತ ಅಲ್ಲಿನವರ ನಂಬಿಕೆ. ಅಮ್ಮ ಈಗಲೇ ಹೇಳಿಟ್ಟಿದ್ದಾಳೆ, ಅಲ್ಲಿಗೆ ಹೋಗಿ ಕೈಮುಗಿಯಬೇಕು ಅಂತ.

ಕ್ರಿಸ್ಮಸ್ ವಾರ ಮತ್ತು ಈಸ್ಟರ್ ವಾರ ಊರು ತುಂಬಿ ತುಳುಕುತ್ತೆ, ಬಾಡಿಗೆ ಏರುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ಚಳಿ ತಪ್ಪಿಸಿಕೊಳ್ಳೋಕೆ ಕೆನಡಾದವರು ಬರ್ತಾರೆ. ಹಾಗಾಗಿ ಡಿಸೆಂಬರಿನ ಮೊದಲ ವಾರ ಆರಿಸಿದೆವು. ಮಳೆ ಮುಗಿದಿರುತ್ತೆ, ಜನ ಇನ್ನೂ ಬಂದಿರಲ್ಲ.

ಈಗ ಕಷ್ಟದ ವಿಷಯ. ಹೆಂಗಸರು, ವಯಸ್ಸಾದವರು ಹೋಗೋ ಕಡೆ ಸುರಕ್ಷತೆ ನೋಡದೆ ಟಿಕೆಟ್ ಬುಕ್ ಮಾಡೋಕಾಗುತ್ತಾ? ಅಮೆರಿಕ ಸರ್ಕಾರ ಮೆಕ್ಸಿಕೋದ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಎಚ್ಚರಿಕೆ ಕೊಡುತ್ತೆ. ನಾವು ಓದಿದಾಗ ಪಕ್ಕದ ಕೊಲಿಮಾ ರಾಜ್ಯಕ್ಕೆ 'ಹೋಗಲೇಬೇಡಿ' ಅಂತಿತ್ತು. ಹಲಿಸ್ಕೊಗೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, 'ಮತ್ತೊಮ್ಮೆ ಯೋಚಿಸಿ'. ನಾವು ಯೋಚಿಸಿದೆವು, ಮೂರು ದಾರಿ ಇಟ್ಟುಕೊಂಡು.

ಒಂದು, ಗ್ವಾದಲಹಾರಾಕ್ಕೆ ಹಾರಿ, ಅಲ್ಲಿಂದ ಹೈವೇ 80ರಲ್ಲಿ ಬಸ್. ಎಲ್ಲಕ್ಕಿಂತ ಅಗ್ಗ. ಆದರೆ ಆ ರಸ್ತೆಯಲ್ಲಿ ಕೊಕುಲಾ ಅನ್ನೋ ಊರಿನಿಂದ ದಕ್ಷಿಣಕ್ಕೆ ಅಮೆರಿಕ ತನ್ನ ಸರ್ಕಾರಿ ನೌಕರರನ್ನೇ ಬಿಡಲ್ಲ ಅಂತ ಸೂಚನೆಯಲ್ಲಿತ್ತು. ಎರಡು, ಮನ್ಸಾನಿಯೊ ವಿಮಾನ ನಿಲ್ದಾಣ. ಬಾರ್ರಾಕ್ಕೆ ಅರ್ಧ ಗಂಟೆಯ ದಾರಿ. ಆದರೆ ಅದಿರೋದು ಕೊಲಿಮಾದಲ್ಲಿ, ಟಿಕೆಟ್ಟೂ ದುಬಾರಿ. ಮೂರು, ಪುಯೆರ್ಟೊ ವಯಾರ್ಟಾಕ್ಕೆ ಹಾರಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಕರಾವಳಿಯ ಹೈವೇ 200ರಲ್ಲಿ ಬಸ್. ಸುಮಾರು ಐದು ಗಂಟೆ. ಇಷ್ಟೂ ದಾರಿ ಹಲಿಸ್ಕೊದೊಳಗೇ.

ಮೂರನೆಯದನ್ನು ಆರಿಸಿದೆವು. ಮೊದಲನೆಯದಕ್ಕಿಂತ ಟಿಕೆಟ್ಟಿಗೇ 240 ಡಾಲರ್ ಜಾಸ್ತಿ. ನನ್ನ ಗಂಡ ಆ ಸಾಲಿಗೆ ಹಳದಿ ಬಣ್ಣ ಹಚ್ಚಿ, 'ಇಲ್ಲಿ ಉಳಿಸಬಾರದು' ಅಂತ ಬರೆದ. ಕಡಿಮೆ ಖರ್ಚಿನ ಪ್ರವಾಸದಲ್ಲಿ ಇಂಥದ್ದೊಂದು ಸಾಲು ಎಲ್ಲರ ಶೀಟಿನಲ್ಲೂ ಇರಬೇಕು ಅನ್ನಿಸುತ್ತೆ. ಕತ್ತಲಾದ ಮೇಲೆ ರಸ್ತೆಗೆ ಇಳಿಯಲ್ಲ, ಬಾಡಿಗೆ ಕಾರು ಬೇಡ, ರೂಮುಗಳೆಲ್ಲ ಕ್ಯಾನ್ಸಲ್ ಮಾಡೋ ಹಾಗಿರಬೇಕು. ಹೊರಡೋ ವಾರ ಎಚ್ಚರಿಕೆಯನ್ನು ಮತ್ತೆ ಓದ್ತೀವಿ. ಪರಿಸ್ಥಿತಿ ಕೆಟ್ಟರೆ ಹೋಗಲ್ಲ. ಐದು ಗಂಟೆ ಬಸ್ಸು ಆಗುತ್ತಾ ಅಂತ ಅಮ್ಮನ್ನ ಕೇಳಿದೆ. "ಶಿರಸಿ-ಕುಮಟಾ ಘಟ್ಟ ಎಷ್ಟು ಸಲ ಹತ್ತಿ ಇಳಿದಿಲ್ಲ ನಾನು" ಅಂತ ನನಗೇ ಬೈದಳು.

ಉಳಿಯೋಕೆ ಅಲ್ಲಿ 'ಬಂಗಲೋ' ಸಿಗುತ್ತೆ. ನಮ್ಮ ಕಡೆಯ ದೊಡ್ಡ ಬಂಗಲೆ ಅಲ್ಲ. ಅಡುಗೆಮನೆ ಇರೋ ಸಾದಾ ಬಾಡಿಗೆ ಮನೆಗೆ ಆ ತೀರದಲ್ಲಿ ಹಾಗಂತಾರೆ. ಎರಡು ಬೆಡ್‌ರೂಮಿನದ್ದು ದಿನಕ್ಕೆ 1,600 ಪೆಸೊಗೆ ಸಿಕ್ಕಿತು. ಅಡುಗೆಮನೆ ನಮಗೆ ಮುಖ್ಯ. ಅಲ್ಲಿ ಬೇಯಿಸಿದ ಕಾಳಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಬಿದ್ದಿರೋ ಸಾಧ್ಯತೆ ಜಾಸ್ತಿ. 'ಸಿನ್ ಕಾರ್ನೆ, ಸಿನ್ ಮಾಂತೆಕಾ', ಅಂದ್ರೆ ಮಾಂಸ ಬೇಡ, ಹಂದಿ ಕೊಬ್ಬು ಬೇಡ ಅಂತ ಹೇಳೋದನ್ನು ಅಮ್ಮ ಫ್ರಿಜ್ಜಿನ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದಾಳೆ. ಜೋಳದ ತೊರ್ತೀಯಾಕ್ಕೆ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸ್ತಾರೆ ಅಂತ ಹೇಳಿದ್ದಕ್ಕೆ, ಕವಳಕ್ಕೆ ಮಾತ್ರ ಸುಣ್ಣ ಅಂದ್ಕೊಂಡಿದ್ದೆ ಅಂತ ಆಶ್ಚರ್ಯಪಟ್ಟಳು.

ಲೆಕ್ಕ ಹೀಗಿದೆ. ವಿಮಾನ 1,320 ಡಾಲರ್. ಬಸ್ 4,000 ಪೆಸೊ, ಅಂದ್ರೆ 222. ಬಾರ್ರಾದಲ್ಲಿ ಐದು ರಾತ್ರಿ 8,000 ಪೆಸೊ, ಅಂದ್ರೆ 444. ಹೋಗುವಾಗ ಬರುವಾಗ ವಯಾರ್ಟಾದಲ್ಲಿ ಒಂದೊಂದು ರಾತ್ರಿ, ಒಟ್ಟು 200. ಊಟಕ್ಕೆ 280, ಇನ್ಶೂರೆನ್ಸ್ 60, ದೋಣಿ-ಟ್ಯಾಕ್ಸಿಗೆ 120. ಒಟ್ಟು 2,646. ಮಿತಿಗಿಂತ 54 ಡಾಲರ್ ಕಡಿಮೆ. ಬೆಂಗಳೂರಿಂದಲೇ ಹೊರಡೋರಿಗೆ ಇದು ಅಗ್ಗ ಅಲ್ಲ, ವಿಮಾನದಲ್ಲೇ ದುಡ್ಡು ಮುಗಿಯುತ್ತೆ. ಈ ಕಡೆ ಇರೋರಿಗೆ, ಆನ್‌ಸೈಟ್ ಬಂದೋರಿಗೆ ಮಾತ್ರ ಈ ಲೆಕ್ಕ.

ಎರಡು ಸಣ್ಣ ವಿಷಯ ಹೇಳ್ಬೇಕು. ಮೆಕ್ಸಿಕೋದಲ್ಲಿ ಪೆಸೊಗೂ ಡಾಲರಿನ ಚಿಹ್ನೆಯನ್ನೇ ಬರೀತಾರೆ. ಮೆನುವಿನಲ್ಲಿ 120 ಅಂತ ನೋಡಿ ಗಾಬರಿ ಬೀಳಬೇಡಿ. ಎಟಿಎಂ 'ನಾವೇ ಡಾಲರಿಗೆ ಬದಲಾಯಿಸಿ ಕೊಡ್ತೀವಿ' ಅಂದ್ರೆ ಬೇಡ ಅನ್ನಿ, ಅವರ ದರದಲ್ಲಿ ನಷ್ಟ.

ಈ ಶೀಟನ್ನು ಅಪ್ಪನಿಗೆ ತೋರಿಸಿದೆ. ಅವರು ಡಾಲರ್ ಸಾಲುಗಳನ್ನು ಬಿಟ್ಟು ಪೆಸೊ ಸಾಲಿಗೆ ಬಂದ್ರು.

"ಒಂದು ಪೆಸೊ ಅಂದ್ರೆ ಎಷ್ಟು?"

"ಹೆಚ್ಚುಕಮ್ಮಿ ಐದು ರೂಪಾಯಿ."

ಸ್ವಲ್ಪ ಹೊತ್ತು ಸುಮ್ಮನಿದ್ರು. ಐದರ ಮಗ್ಗಿ ಅವರು ಒಂದನೇ ಕ್ಲಾಸಿನಲ್ಲಿ ಕಲಿತಿದ್ದು. ಎಂಟು ಸಾವಿರ ಪೆಸೊ, ನಲವತ್ತು ಸಾವಿರ ರೂಪಾಯಿ. ಎದ್ದು ಹೋಗಿ ಸೂಟ್‌ಕೇಸಿನ ತಳದಿಂದ ಒಂದು ಕವರ್ ತಂದ್ರು. ಹೊರಡೋ ಮುಂಚೆ ಬೆಂಗಳೂರಲ್ಲಿ ಬದಲಾಯಿಸಿಕೊಂಡ 500 ಡಾಲರ್, ಒಂದು ನೋಟೂ ಮುರಿದಿರಲಿಲ್ಲ.

"ಬಂಗಲೆ ಬಾಡಿಗೆ ನಂದು" ಅಂದ್ರು.

ನನ್ನ ಗಂಡ ಬೇಡ ಮಾವ ಅನ್ನೋಕೆ ಬಾಯಿ ತೆರೆದ. ಮೇಜಿನ ಕೆಳಗೆ ಅವನ ಕಾಲು ತುಳಿದೆ. ಶೀಟಿನಲ್ಲಿ 'ಯಾರು ಕೊಡೋದು' ಅಂತ ಹೊಸ ಕಾಲಂ ಮಾಡಿ, ಆ ಸಾಲಿನ ಮುಂದೆ 'ಅಪ್ಪ' ಅಂತ ಟೈಪ್ ಮಾಡಿದೆ. ಒಂದು ಪ್ರವಾಸ ನಮ್ಮ ಕೈಗೆಟಕುತ್ತಾ ಅಂತ ನಾವಿಬ್ಬರು ಮೂರು ವಾರ ಲೆಕ್ಕ ಹಾಕಿದ್ವಿ. ಅಪ್ಪನ ಕೈಗೂ ಎಟಕಬೇಕು ಅನ್ನೋದು ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಆ ಐದು ದಿನ ಮಗಳು-ಅಳಿಯ ಇರೋದು ಅವರ ಮನೆಯಲ್ಲಿ.

ಆ ರಾತ್ರಿಯಿಂದ ಅಪ್ಪ ಪ್ರಶ್ನೆ ಕೇಳೋಕೆ ಶುರುಮಾಡಿದ್ದಾರೆ. ಎಳನೀರಿಗೆ ಎಷ್ಟು, ದೋಣಿಗೆ ಎಷ್ಟು, ಚೌಕಾಸಿ ಮಾಡಬಹುದಾ. ಮೊಣಕಾಲಿಗೆ ಅಲೆ ಜೋರಾದರೆ ಕಷ್ಟ ಅಂತ, ಐದು ಕಿಲೋಮೀಟರ್ ಆಚೆಯ ಮೆಲಾಕೆಯಲ್ಲಿ ಕೊಲ್ಲಿಯ ಪಶ್ಚಿಮ ತುದಿಗೆ ನೀರು ಶಾಂತವಾಗಿರುತ್ತೆ ಅನ್ನೋದನ್ನೂ ಮೊಬೈಲಿನಲ್ಲಿ ತಾವೇ ಹುಡುಕಿ ಇಟ್ಟುಕೊಂಡಿದ್ದಾರೆ. ಹೊರಡೋಕೆ ಇನ್ನು ಹನ್ನೆರಡು ದಿನ. ಅಮ್ಮ ಅವಲಕ್ಕಿ, ಚಟ್ನಿಪುಡಿ ಬೇರೆ ಬೇರೆ ಕಟ್ಟಿಡ್ತಿದ್ದಾಳೆ. ಕಸ್ಟಮ್ಸಿನಲ್ಲಿ ಯಾವುದನ್ನು ಬಿಡ್ತಾರೆ ಅಂತ ನಾನಿನ್ನೂ ನೋಡಬೇಕು.